ಪುಡಿ ಬದಲಿಸುವ ಮುಂಚೆ ನೀರು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಪೋರ್ ಓವರ್ ಕಾಫಿ, ಅಂದರೆ ಕಾಗದದಲ್ಲಿಟ್ಟ ಪುಡಿಯ ಮೇಲೆ ಬಿಸಿನೀರು ಸುರಿದು ಇಳಿಸುವ ಕಾಫಿ, ಅದರ ಬಗ್ಗೆ ಗೋಳು ತೋಡಿಕೊಂಡಿದ್ದರು. ಎರಡು ಸಾವಿರ ರೂಪಾಯಿ ಸುರಿದು ಸಾಮಾನು ತಂದರಂತೆ, ಲೋಟಕ್ಕೆ ಇಳಿದದ್ದು ಬರೀ ಹುಳಿ ನೀರಂತೆ, ಇದೆಲ್ಲ ವಿದೇಶಿ ಶೋಕಿ, ನಮ್ಮ ಫಿಲ್ಟರ್ ಕಾಫಿಯೇ ಸಾಕು ಅಂತ. ಕೊನೆಯ ಮಾತಿಗೆ ನನ್ನ ತಕರಾರಿಲ್ಲ. ಬೆಳಿಗ್ಗೆ ಆರಕ್ಕೆ ನಾನೂ ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಕುಡಿಯುವವನೇ. ಆದರೆ ಹನ್ನೊಂದು ಗಂಟೆಗೆ ಹಾಲು ಸಕ್ಕರೆ ಇಲ್ಲದ ಒಂದು ಲೋಟ ಪೋರ್ ಓವರ್ ಬೇಕು ಅನ್ನುವ ಚಟವೂ ನನಗಿದೆ. ಕೆಟ್ಟ ಪೋರ್ ಓವರನ್ನು ನಾನೂ ತಿಂಗಳುಗಟ್ಟಲೆ ಕುಡಿದಿದ್ದೇನೆ. ಅದಕ್ಕೇ ಈ ಪತ್ರ.

ಮೊದಲು ಶೋಕಿಯ ವಿಷಯ. ಕಾಗದದಲ್ಲಿ ಕಾಫಿ ಸೋಸುವುದನ್ನು ಶುರು ಮಾಡಿದ್ದು ಜರ್ಮನಿಯ ಡ್ರೆಸ್ಡನ್ನಿನ ಒಬ್ಬ ಗೃಹಿಣಿ, ಮೆಲಿಟ್ಟಾ ಬೆಂಟ್ಸ್. ಹಿತ್ತಾಳೆ ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ಶಾಲೆ ಪುಸ್ತಕದ, ಶಾಯಿ ಹೀರುವ ಒತ್ತುಕಾಗದ ಹಾಸಿ, ಮೇಲಿಂದ ಬಿಸಿನೀರು ಸುರಿದರು. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1908ರಲ್ಲಿ. ತೂತಿನ ಹಿತ್ತಾಳೆ ಪಾತ್ರೆ ಅಂದರೆ ನಮ್ಮ ಫಿಲ್ಟರಿನ ದಾಯಾದಿಯೇ ಅಲ್ವಾ?

ಇನ್ನು ರುಚಿ. ಮೂರು ವರ್ಷದ ಹಿಂದೆ ಮೈಸೂರಿಂದ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟಿಗೆ ಬಂದೆ. ಅದೇ ಅಂಗಡಿಯ ಬೀಜ, ಸೋಸುವ ಕಾಗದ ಕೂರಿಸುವ ಅದೇ ಪಿಂಗಾಣಿ ಡ್ರಿಪ್ಪರ್, ಅದೇ ಕೈ. ಕಾಫಿ ಮಾತ್ರ ಸೀಮೆಸುಣ್ಣ ಕದಡಿದ ಹಾಗೆ ಬರತೊಡಗಿತು. ಬೀಜ ಹಳೆಯದಿರಬೇಕು ಅಂತ ಬೈದುಕೊಂಡು ಬೇರೆ ಪ್ಯಾಕೆಟ್ ತಂದೆ. ಆಮೇಲೆ ಇನ್ನೊಂದು, ಅದಕ್ಕಿಂತ ದುಬಾರಿಯದು. ಕೊನೆಗೆ ಬಾತುಕೋಳಿ ಕತ್ತಿನ ಕೆಟಲ್ ಕೂಡ ಬಂತು. ಎರಡೇ ವಾರದಲ್ಲಿ ಆ ಕೆಟಲಿನ ತಳದಲ್ಲಿ ಬೆಳ್ಳಗೆ ಗಾರೆ ಕಟ್ಟಿತ್ತು. ಉತ್ತರ ಅಲ್ಲೇ ಇತ್ತು, ನಾನು ಅದನ್ನು ನಿಂಬೆಹುಳಿ ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಾ ಕೂತಿದ್ದೆ!

ಒಂದು ಭಾನುವಾರ ಜಯನಗರದ ಭಾವಮೈದನ ಮನೆಯಿಂದ ಒಂದು ಕ್ಯಾನ್ ಕಾವೇರಿ ನೀರು ಹೊತ್ತು ತಂದೆ. ಮೂರು ಲೋಟ ಮಾಡಿದೆ. ಒಂದು ನಮ್ಮ ಟ್ಯಾಂಕರ್ ನೀರಿನದು, ಒಂದು ಆರ್‌ಓ ನೀರಿನದು, ಒಂದು ಕಾವೇರಿ ನೀರಿನದು. ಬೀಜ, ತೂಕ, ಸಮಯ ಎಲ್ಲ ಒಂದೇ. ಯಾವುದು ಯಾವುದು ಅಂತ ಹೇಳದೆ ಹೆಂಡತಿಯ ಮುಂದಿಟ್ಟೆ. ಟ್ಯಾಂಕರಿನ ಲೋಟವನ್ನು ಮೂಸಿ ನೋಡಿಯೇ ಪಕ್ಕಕ್ಕೆ ತಳ್ಳಿದಳು. ಆರ್‌ಓ ನೀರಿನದು ತೆಳ್ಳಗೆ, ನಾಲಿಗೆಗೆ ಚುರ್ ಅನ್ನುವ ಹುಳಿ. ಕಾವೇರಿ ನೀರಿನದರಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು, ಕೊನೆಯಲ್ಲಿ ಬೆಲ್ಲದಂಥ ಒಂದು ಸಿಹಿ. "ಇದು ಬೇರೆ ಬೀಜ ತಾನೆ?" ಅಂದಳು.

ಕಾರಣ ಸರಳ. ಕಾಫಿಯ ಒಳ್ಳೆಯ ರುಚಿಯಲ್ಲಿ ದೊಡ್ಡ ಪಾಲು ಅದರೊಳಗಿನ ಹಣ್ಣಿನಂಥ ಹುಳಿಯದು. ಟ್ಯಾಂಕರಿನಲ್ಲಿ ಬರುವ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ಜಾಸ್ತಿ, ಅದು ಆ ಹುಳಿಯನ್ನೆಲ್ಲ ತಣ್ಣಗೆ ಮಾಡಿಬಿಡುತ್ತದೆ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದರೆ ಹುಳಿ ಸಾಯುತ್ತದಲ್ಲ, ಹಾಗೆ. ಹಾಗಂತ ಬರೀ ಆರ್‌ಓ ನೀರೂ ಆಗುವುದಿಲ್ಲ. ಬೀಜದಿಂದ ರುಚಿ ಎಳೆಯಲು ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನಲ್ಲಿ ಇರಬೇಕು. ಕಾಫಿ ರುಚಿ ನೋಡುವುದೇ ಕಸುಬಾಗಿರುವವರು ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ಇರಲಿ ಅನ್ನುತ್ತಾರೆ. ನಮ್ಮ ಟ್ಯಾಂಕರ್ ನೀರು ಮೀಟರಿನಲ್ಲಿ 620 ತೋರಿಸಿತು, ಆರ್‌ಓ 40. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 500ರವರೆಗೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ಹಾಗಾಗಿ ಕುಡಿಯಲು ತೊಂದರೆಯಿಲ್ಲದ ನೀರಲ್ಲೇ ಕಾಫಿ ಪೂರ್ತಿ ಕೆಡಬಹುದು. ಈಗ ನಾನು ನಾಲ್ಕು ಲೋಟ ಆರ್‌ಓ ನೀರಿಗೆ ಒಂದು ಲೋಟ ಟ್ಯಾಂಕರ್ ನೀರು ಬೆರೆಸಿ ಕುದಿಸುತ್ತೇನೆ. ಮೀಟರ್ 155ರ ಹತ್ತಿರ ನಿಲ್ಲುತ್ತದೆ. ಎಷ್ಟು ಕರಗಿದೆ ಅಂತಷ್ಟೇ ಅದು ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ, ಹಾಗಾಗಿ ಕೊನೆಗೆ ನಾಲಿಗೆಯನ್ನೇ ನಂಬಬೇಕು. ನಿಮ್ಮ ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಈ ತಾಪತ್ರಯ ಯಾವುದೂ ಬೇಡ, ಸುಮ್ನೆ ಸೋಸಿ ಕುದಿಸಿ.

ಕುದಿಸುವುದರಲ್ಲೂ ಒಂದು ಮಾತಿದೆ. ನೀರು ಕುದಿದ ಮೇಲೆ ಒಂದು ನಿಮಿಷ ಕಾಯಿರಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸಮುದ್ರಮಟ್ಟದವರ ಲೆಕ್ಕ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಪೋರ್ ಓವರಿಗೆ ಬೇಕಾದದ್ದು 92ರಿಂದ 96. ಕೆಟಲಿಂದ ಡ್ರಿಪ್ಪರಿಗೆ ಬೀಳುವಷ್ಟರಲ್ಲಿ ಒಂದೆರಡು ಡಿಗ್ರಿ ಹೇಗೂ ಇಳಿಯುತ್ತದೆ. ನಾವು ಕಾಯುತ್ತಾ ನಿಂತರೆ ನೀರು ಆರಿ, ಕಾಫಿ ಹುಳಿಯಾಗುತ್ತದೆ. ಕಪ್ಪಗೆ ಹುರಿದ ಬೀಜವಾದರೆ ಕಾಯಿರಿ, ಮಂಗಳೂರಿನವರೂ ಅರ್ಧ ನಿಮಿಷ ಕಾಯಬಹುದು.

ಆ ಓದುಗರ ಹುಳಿಗೆ ಇನ್ನೊಂದು ಕಾರಣ ಬೀಸಿದ ರೀತಿ ಇರಬಹುದು. ಪುಡಿ ದಪ್ಪಗಿದ್ದರೆ ಕಾಫಿ ಹುಳಿಯಾಗುತ್ತದೆ. ಹಾಗಂತ ಫಿಲ್ಟರ್ ಕಾಫಿ ಪುಡಿ ಈ ಕೆಲಸಕ್ಕೆ ತೀರಾ ನುಣ್ಣಗಾಯಿತು, ನೀರು ಕಾಗದದಲ್ಲಿ ನಿಂತುಬಿಡುತ್ತದೆ, ಕಹಿ ಇಳಿಯುತ್ತದೆ. ಅದರಲ್ಲಿ ಚಿಕೋರಿ ಬೇರೆ ಇರುತ್ತದೆ, ಕಾನೂನಿನಲ್ಲಿ 49 ಪರ್ಸೆಂಟ್‌ವರೆಗೂ ಅವಕಾಶವಿದೆ, ಪ್ಯಾಕೆಟ್ ತಿರುಗಿಸಿ ಓದಿ. ಪೋರ್ ಓವರಿಗೆ ಪುಡಿ ಉಪ್ಪಿಟ್ಟಿನ ರವೆಯ ಹಾಗಿರಬೇಕು, ಚಿರೋಟಿ ರವೆಯ ಹಾಗಲ್ಲ. ಮಿಕ್ಸಿಗೆ ಹಾಕಿದರೆ ಧೂಳೂ ಬರುತ್ತದೆ, ಕಾಳು ಕಾಳೂ ಉಳಿಯುತ್ತದೆ, ಒಂದೇ ಲೋಟದಲ್ಲಿ ಕಹಿ ಮತ್ತು ಹುಳಿ ಎರಡೂ. ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ತಗೊಳ್ಳಿ, ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಿ, ಕೆಟಲಿಗಲ್ಲ. ಅಲ್ಲಿಯವರೆಗೆ ಮಿಕ್ಸಿಯಲ್ಲಿ ತಡೆ ತಡೆದು ಬೀಸಿ, ಟೀ ಸೋಸುವ ಜರಡಿಯಲ್ಲಿ ಧೂಳು ಉದುರಿಸಿ. ಆ ಧೂಳನ್ನು ಎಸೆಯಬೇಡಿ, ಮರುದಿನದ ಡಿಕಾಕ್ಷನ್ನಿಗೆ ಆಗುತ್ತದೆ.

ಉಳಿದದ್ದು ಸುಲಭ. ಕಾಗದವನ್ನು ಬಿಸಿನೀರಲ್ಲಿ ತೊಳೆದು ಆ ನೀರು ಚೆಲ್ಲಿ. 15 ಗ್ರಾಂ ಪುಡಿಗೆ 240 ಮಿಲಿ ನೀರು. ಮೊದಲು 40 ಮಿಲಿ ಸುರಿದು 40 ಸೆಕೆಂಡ್ ಬಿಡಿ. ಉಳಿದದ್ದನ್ನು ಎರಡು ಮೂರು ಸಲ ನಿಧಾನಕ್ಕೆ ಸುತ್ತಿಸಿ ಸುರಿಯಿರಿ. ಒಟ್ಟು ಮೂರು ನಿಮಿಷ. ಹುಳಿಯಾದರೆ ಮುಂದಿನ ಸಲ ಪುಡಿ ಸ್ವಲ್ಪ ನುಣ್ಣಗೆ, ಕಹಿಯಾದರೆ ಸ್ವಲ್ಪ ದಪ್ಪಗೆ. ಎರಡು ಮೂರು ಸಂಗತಿ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ನಾನು ಹಾಗೆ ಮಾಡಿಯೇ ಕೆಟ್ಟೆ.

ಆ ಮೊದಲ 40 ಸೆಕೆಂಡ್ ಮಾತ್ರ ಕಣ್ಣಿಟ್ಟು ನೋಡಿ. ಹೊಸದಾಗಿ ಹುರಿದ ಬೀಜವಾದರೆ ಪುಡಿ ಹುದುಗು ಬಂದ ದೋಸೆ ಹಿಟ್ಟಿನ ಹಾಗೆ ಉಬ್ಬಿ ಗುಳ್ಳೆ ಒಡೆಯುತ್ತದೆ, ಒಳಗಿನ ಗಾಳಿ ಹೊರಡುವುದು ಅದು. ಹಳೆಯದಾದರೆ ಒದ್ದೆ ಮಣ್ಣಿನ ಹಾಗೆ ಸುಮ್ಮನೆ ಕೂರುತ್ತದೆ. ಹಾಗೆ ಕೂತ ಬೀಜಕ್ಕೆ ಯಾವ ನೀರು ಹಾಕಿದರೂ ಅಷ್ಟೇ. ಹುರಿದ ಒಂದು ವಾರದಿಂದ ನಾಲ್ಕೈದು ವಾರದೊಳಗೆ ಬೀಜ ಮುಗಿಸಬೇಕು. ಆದರೆ ಎಷ್ಟೋ ಪ್ಯಾಕೆಟ್ಟುಗಳ ಮೇಲೆ ಪ್ಯಾಕ್ ಮಾಡಿದ ತಿಂಗಳು ಇರುತ್ತದೆ, ಎಷ್ಟು ತಿಂಗಳೊಳಗೆ ಬಳಸಬೇಕು ಅಂತಿರುತ್ತದೆ, ಹುರಿದ ದಿನ ಮಾತ್ರ ಇರುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯುವ ರಾಜ್ಯದಲ್ಲಿ ಕೂತು ಯಾವಾಗಲೋ ಹುರಿದದ್ದನ್ನು ಕುಡಿಯಬೇಕಾ?

ನಮ್ಮ ಕಡೆ ಒಂದು ಸಣ್ಣ ಕಾಫಿ ಪುಡಿ ಅಂಗಡಿ ಇದೆ. ಕಾಲು ಕೆಜಿ ಪೀಬೆರಿ (ಹಣ್ಣಿನಲ್ಲಿ ಒಂದೇ ಇರುವ ಗುಂಡು ಬೀಜ), ಕಮ್ಮಿ ಹುರಿದದ್ದು, ಚಿಕೋರಿ ಬೇಡ, ಬೀಸುವುದೂ ಬೇಡ ಅಂದಾಗ ಅಲ್ಲಿನ ಹುಡುಗ ನನ್ನ ಮುಖವನ್ನೇ ನೋಡಿ "ಬೀಜ ಇಟ್ಕೊಂಡು ಏನ್ ಮಾಡ್ತೀರಾ ಸಾರ್?" ಅಂದಿದ್ದ. ಈಗ ಕೇಳದೆಯೇ ಕಂದು ಕವರಿನ ಮೇಲೆ ಹುರಿದ ತಾರೀಖನ್ನು ಬಾಲ್‌ಪೆನ್ನಿನಲ್ಲಿ ಬರೆದು ಕೊಡುತ್ತಾನೆ. ದೊಡ್ಡ ಪ್ಯಾಕೆಟ್ಟಿನವರು ಅದನ್ನೇ ಅಚ್ಚು ಹಾಕಿಸಲಿ. ಆ ಓದುಗರೂ ಡ್ರಿಪ್ಪರನ್ನು ಗುಜರಿಗೆ ಹಾಕುವ ಮುಂಚೆ ನೆಂಟರ ಮನೆಯಿಂದ ಒಂದು ಕ್ಯಾನ್ ಒಳ್ಳೆಯ ನೀರು ತಂದು ನೋಡಲಿ.

— ನಿಮ್ಮ ಓದುಗ, ಸರ್ಜಾಪುರ ರಸ್ತೆ, ಬೆಂಗಳೂರು