ಮೇಷ್ಟ್ರ ಕೆಲಸ ಶಾಲೆಯಲ್ಲೇ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಮೇಷ್ಟ್ರಾಗಿದ್ದ ನಮ್ಮಪ್ಪ ಇತ್ತೀಚೆಗೆ ತೀರಿಕೊಂಡರು. ಮಾತಾಡಿಸಲು ಬಂದ ಕೆಲವರು, ‘ಮೇಷ್ಟ್ರ ಕೆಲಸ ನೋಡಿ, ಆರಾಮಾಗಿ ಬದುಕಿದರು’ ಎಂದರು. ಬೇಸರವಾಯಿತು. ರಾತ್ರಿ ಊಟವಾದ ಮೇಲೆ ಅಪ್ಪನ ಎರಡನೇ ಪಾಳಿ ಶುರುವಾಗುತ್ತಿತ್ತು. ನೋಟ್‌ಬುಕ್‌ಗಳ ಕಟ್ಟು ಬಿಚ್ಚಿ, ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಸುಮ್ನೆ ತಪ್ಪು ಗುರುತು ಹಾಕಿ ಬಿಡುತ್ತಿರಲಿಲ್ಲ. ಲೆಕ್ಕ ಎಲ್ಲಿ ದಾರಿ ತಪ್ಪಿತೋ ಆ ಸಾಲಿನ ಪಕ್ಕದಲ್ಲೇ ಪುಟ್ಟ ಅಕ್ಷರದಲ್ಲಿ ಸರಿಮಾಡಿ ತೋರಿಸುತ್ತಿದ್ದರು. ನಡುನಡುವೆ ನಮ್ಮ ಹೋಂವರ್ಕ್, ಅಮ್ಮನ ಜೊತೆ ಮನೆ ಖರ್ಚಿನ ಮಾತು. (ಸಿಟ್ಟೂ ಸ್ವಲ್ಪ ಜಾಸ್ತಿನೇ ಇತ್ತು, ಅದನ್ನೇಕೆ ಮುಚ್ಚಿಡಲಿ?)

ಬೋಧನೆಯ ಗಂಟೆ ನಿಗದಿ ಮಾಡುವಾಗ ಪಾಠದ ತಯಾರಿ, ಮಕ್ಕಳ ಬರಹ ತಿದ್ದುವುದಕ್ಕೆ ಬೇಕಾದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಶಿಫಾರಸು 1966ರಲ್ಲೇ ಹೇಳಿದೆ. ಆ ಶಿಫಾರಸಿನ ನೆನಪಿಗೆಂದೇ ಅಕ್ಟೋಬರ್ 5ರಂದು ವಿಶ್ವ ಶಿಕ್ಷಕರ ದಿನ ಆಚರಿಸುವುದು. ಅಂದು ಭಾಷಣ ಮಾಡುವವರು ಈ ಒಂದು ಸಾಲನ್ನಾದರೂ ಜಾರಿಗೆ ತಂದರೆ ಒಳ್ಳೆಯದು, ಅಲ್ವಾ? ಮೇಷ್ಟ್ರ ಮಕ್ಕಳಿಗೆ ಅಪ್ಪ ಇನ್ನೊಂದಿಷ್ಟು ಹೊತ್ತು ಸಿಗುತ್ತಾರೆ.

– ಮೇಷ್ಟ್ರೊಬ್ಬರ ಮಗಳು