ಲಿವರ್ ರೈಫಲ್‌ಗೆ ಸ್ಕೋಪ್: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ್ರಿ. ಟೆಕ್ಸಾಸ್‌ನಲ್ಲಿರುವ ಕಾಕಾ ಅವರ ಅಳಿಯನ ಮಾರ್ಲಿನ್ 336ಕ್ಕೆ (ಕೆಳಗಿನ ಸನ್ನೆ ಎಳೆದು ಗುಂಡು ತುಂಬುವ ಲಿವರ್ ರೈಫಲ್) ಯಾವ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಾಕಬೇಕು ಅಂತ ನಿನ್ನೆಯಿಂದ ಚರ್ಚೆ ನಡೆದಿದೆ. ಬೆಳಗಾವಿಯಲ್ಲಿ ನಮ್ಮದು ಕಾಗದದ ಗುರಿ ಮಾತ್ರ. 1972ರ ವನ್ಯಜೀವಿ ಕಾಯ್ದೆ ನೆನಪಿರಲಿ, ಬೇಟೆಯ ಫೋಟೊ ಇಲ್ಲಿ ಹಾಕಬೇಡಿ.

ಮೊದಲು ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸು (ತೋಟಾದ ಚಿಪ್ಪು) ಯಾವ ಕಡೆ ಹಾರುತ್ತದೆ ನೋಡಬೇಕು. ಮಾರ್ಲಿನ್‌ನಲ್ಲಿ ಪಕ್ಕಕ್ಕೆ, ಹಾಗಾಗಿ ಸ್ಕೋಪ್ ನಡುವೆಯೇ ಕೂರುತ್ತದೆ. ಹಳೆಯ ವಿಂಚೆಸ್ಟರ್ 94ರಲ್ಲಿ ಮೇಲಕ್ಕೇ ಹಾರುತ್ತದೆ, ಅಲ್ಲಿ ಸ್ಕೋಪ್ ಅಡ್ಡ.

.30-30 ಅಳತೆಯ ಗುಂಡಿಗೆ 2-7 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ ಸಾಕು. ಮುಂದಿನ ಗಾಜು 50 ಮಿ.ಮೀ. ಆದರೆ ಸುಮ್ನೆ ಭಾರ, ಸ್ಕೋಪನ್ನು ರೈಫಲ್ ಮೇಲೆ ಹಿಡಿದಿಡುವ ರಿಂಗೂ ಎತ್ತರದ್ದು ಬೇಕು, ಆಗ ಕೆನ್ನೆ ಬಟ್ಟಿನ (ಭುಜಕ್ಕೆ ಆನಿಸುವ ಹಿಂಭಾಗದ) ಮೇಲೆ ಕೂರಲ್ಲ. 32 ಮಿ.ಮೀ. ಇದ್ದರೆ ಗಿಡ್ಡ ರಿಂಗ್ ನಡೆಯುತ್ತದೆ. ಸ್ಕೋಪಿನ ಕೊಳವೆ 1 ಇಂಚಿನ ಟ್ಯೂಬ್ ಅಂದರೆ 25.4 ಮಿ.ಮೀ. ಅದನ್ನು 30 ಮಿ.ಮೀ. ರಿಂಗ್‌ನಲ್ಲಿ ಟೇಪ್ ಸುತ್ತಿ ಕೂರಿಸುವ ಜಾಣತನ ಬೇಡ.

ಗಿಡ್ಡ ರಿಂಗ್‌ನಲ್ಲಿ ಒಂದು ತೊಂದರೆ ಇದೆ. ಸ್ಕೋಪಿನ ಹಿಂದಿನ ತುದಿ ಹ್ಯಾಮರ್ (ಹೆಬ್ಬೆರಳಿನಿಂದ ಎಳೆಯುವ ಹಿಂಬದಿಯ ಸುತ್ತಿಗೆ) ಮೇಲೆ ಬಂದು ಹೆಬ್ಬೆರಳಿಗೆ ಜಾಗವೇ ಇರಲ್ಲ. ಗುಂಡು ತುಂಬಿದಾಗ ಹ್ಯಾಮರ್ ಇಳಿಸುವಾಗ ಬೆರಳು ಜಾರಿದರೆ ಕಥೆ ಮುಗೀತು, ಅಲ್ವಾ? ಹ್ಯಾಮರ್‌ಗೆ ಜೋಡಿಸಲು ಪಕ್ಕಕ್ಕೆ ಚಾಚುವ ಸಣ್ಣ ತುಂಡು ಸಿಗುತ್ತದೆ, ಅದನ್ನು ಹಾಕಿಸಲಿ. ರಿಂಗಿನ ಸ್ಕ್ರೂಗಳನ್ನು ಎರಡೂ ಬದಿ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಲಿ. ಕಣ್ಣಿಗೂ ಸ್ಕೋಪಿಗೂ 3 ಇಂಚಿಗಿಂತ ಜಾಸ್ತಿ ಅಂತರ ಇರಲಿ, ಇಲ್ಲದಿದ್ದರೆ ಒದೆತಕ್ಕೆ ಹುಬ್ಬು ಒಡೆಯುತ್ತದೆ.