ಗೆಳೆಯನಿಗೊಂದು ಪತ್ರ: ಪುಟ್ಟಿಯ ಕಾಮಾಲೆ

ಲೋ ಮಾರಾಯ,

ಒಂದೂವರೆ ತಿಂಗಳಿಂದ ನಿನ್ನ ಫೋನ್ ಎತ್ತಿಲ್ಲ. ಸಾಗರದ ಕೊಡೆ ಪ್ರಕರಣ ಬಿಟ್ಟರೆ ನಿನ್ನಿಂದ ಇಷ್ಟು ದಿನ ತಲೆಮರೆಸಿಕೊಂಡಿದ್ದು ಇದೇ ಮೊದಲು. ಫೋನಲ್ಲಿ ನಿನ್ನೊಬ್ಬನಿಗೆ ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಊರೆಲ್ಲ ಓದೋ ಕಡೆ ಬರೆಯುತ್ತಿದ್ದೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಪುಟ್ಟಿಗೆ ಕಾಮಾಲೆ ಅಂತ ನಿನಗೂ ಸುದ್ದಿ ಬಂದಿರಬೇಕು. ಸುಳ್ಳು. ಅವಳು ಸ್ಕೂಲಿಗೆ ಹೋಗುತ್ತಿರಲಿಲ್ಲ, ಅಷ್ಟೇ. ಮಗು ಯಾಕೆ ಮನೇಲಿದೆ ಅಂತ ಚಿಕ್ಕಮ್ಮ ಕೇಳಿದಾಗ ಬಾಯಿಗೆ ಬಂದಿದ್ದು ಕಾಮಾಲೆ. ಜ್ವರ ಅಂದಿದ್ದರೆ ನಾಲ್ಕು ದಿನಕ್ಕೆ ಮುಗಿದುಹೋಗುತ್ತಿತ್ತು. ಮಾರನೇ ದಿನವೇ ತೀರ್ಥಹಳ್ಳಿ ಕಡೆಯಿಂದ ನೆಲನೆಲ್ಲಿ ಅರೆದ ಔಷಧಿ ಬಂತು, ಜೊತೆಗೆ ಚಿಕ್ಕಮ್ಮನೂ. ಕುಡಿಸಿ ಬರ್ತೀನಿ ಅಂತ ಅಡಿಗೆಮನೆಗೆ ಹೋಗಿ ನಾನೇ ಕುಡಿದೆ. ಸಿಂಕಿಗೆ ಚೆಲ್ಲಬಹುದಿತ್ತು ಅಂತ ಮೂರನೇ ದಿನ ಹೊಳೆಯಿತು.

ನಿಜವಾಗಿ ಇದ್ದಿದ್ದು ಹೊಟ್ಟೆನೋವು. ಭಾನುವಾರ ರಾತ್ರಿ ಶುರು. ಸೋಮವಾರ ಬೆಳಗ್ಗೆ ಏಳೂವರೆಗೆ ವಾಂತಿ. ವ್ಯಾನ್ ಹೋಗಿ ಅರ್ಧ ಗಂಟೆಗೆ ದೋಸೆ ಕೇಳುತ್ತಾಳೆ. ಮಕ್ಕಳ ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಸರಿ, ನಾಟಕ ಅಂತ ನಾನು ತೀರ್ಪು ಕೊಟ್ಟೆ. ಒಂದು ದಿನ ಎತ್ತಿಕೊಂಡೇ ಹೋದೆ. ಸ್ಕೂಲ್ ಗೇಟಿನ ಸರಳು ಹಿಡಿದುಕೊಂಡಳು. ಒಂದೊಂದೇ ಬೆರಳು ಬಿಡಿಸಿದೆ. ಉಗುರಲ್ಲಿ ಹಬ್ಬದ ಗೋರಂಟಿ ಇನ್ನೂ ಇತ್ತು. ನಾಲ್ಕನೇ ಬೆರಳಿಗೆ ಬರುವಷ್ಟರಲ್ಲಿ ಮೊದಲನೇದು ಹೋಗಿ ಮತ್ತೆ ಸರಳು ಹಿಡಿಯುತ್ತಿತ್ತು.

ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಸರ್ಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಎಷ್ಟೊತ್ತಿಗೆ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. (ಕದ್ದು ಓದುತ್ತಿರುವವರೂ ಬರೆದಿಟ್ಟುಕೊಳ್ಳಿ.) ಅಲ್ಲಿಂದ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಹೋದೆವು. ನೋವು ನಿಜ ಕಣ್ರೀ, ಪರೀಕ್ಷೆ ದಿನ ನಿಮಗೆ ಹೊಟ್ಟೆ ತೊಳಸುತ್ತಿರಲಿಲ್ವಾ ಅಂದರು. ನನ್ನ ಪಿಯುಸಿ ನೆನಪಾಗಿ ಸುಮ್ಮನಾದೆ. ಮನೇಲಿ ಉಳಿದರೆ ಹೆದರಿಕೆ ಆ ಕ್ಷಣಕ್ಕೆ ಇಳಿಯುತ್ತದೆ, ಮಾರನೇ ದಿನ ಇನ್ನೂ ಜಾಸ್ತಿ ಆಗುತ್ತದೆ ಅಂತೆ. ಹಾಗಂತ ಎಳೆದುಕೊಂಡು ಹೋಗೋದೂ ಅಲ್ಲ. ಮೊದಲೆರಡು ದಿನ ಯೂನಿಫಾರ್ಮ್ ಹಾಕಿ ಗೇಟ್ ಮುಟ್ಟಿ ವಾಪಸ್. ಆಮೇಲೆ ಲೈಬ್ರರಿಯಲ್ಲಿ ಅರ್ಧ ಗಂಟೆ. ಆಮೇಲೆ ಡ್ರಾಯಿಂಗ್ ಪೀರಿಯಡ್ ಒಂದೇ. ಮನೇಲಿರೋ ಹೊತ್ತು ಟಿವಿ ಇಲ್ಲ. ಟಾಟಾ ಒಂದೇ ಸಲ, ಅದೂ ಬೇಗ.

ಎಲ್ಲ ಸರಿ, ಯಾಕೆ ಹೆದರಿಕೆ ಅಂತ ಯಾರಿಗೂ ತಿಳಿದಿರಲಿಲ್ಲ. ಒಂದು ದಿನ ಸ್ಕೂಟರಲ್ಲಿ ಹಿಂದಿನಿಂದ ಕೇಳಿದಳು: "ನಾನು ಬರೋವರೆಗೂ ಅಮ್ಮ ಇರ್ತಾಳಾ?"

ಅಪ್ಪ ಹೋದ ದಿನ ನೀನು ಬಂದಿದ್ದೆ. ಪುಟ್ಟಿಯನ್ನು ಸ್ಕೂಲಿಂದ ಕರೆಸೋಣ ಅಂದಿದ್ದು ನೀನೇ. ಮಗು, ಸುಮ್ನೆ ಯಾಕೆ, ಅಂದೆ ನಾನು. ಬೆಳಗ್ಗೆ ಅಜ್ಜನಿಗೆ ಟಾಟಾ ಮಾಡಿ ಹೋದವಳು ನಾಲ್ಕು ಗಂಟೆಗೆ ಬಂದಾಗ ಎಲ್ಲ ಮುಗಿದಿತ್ತು. ಮಂಚ ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದರು. ಬ್ಯಾಗ್ ಹೊತ್ತುಕೊಂಡೇ ಮನೆಯೆಲ್ಲ ಹುಡುಕಿದಳು, ಬಚ್ಚಲನ್ನೂ ಬಿಡದೆ.

ಮಗು ಅಂದಿದ್ದು ನೆಪ ಕಣೋ. ಅವಳು ಅತ್ತರೆ ನನಗೂ ಅಳು ಬರುತ್ತದೆ, ಅಷ್ಟು ಜನರ ಮುಂದೆ. ಅದಕ್ಕೇ ಬೇಡ ಅಂದೆ. ಹೆಂಡತಿಗೂ ಇದನ್ನು ಹೇಳಿಲ್ಲ. ಈಗ ಅವಳೂ ಇಲ್ಲೇ ಓದುತ್ತಾಳೆ, ರಾತ್ರಿ ಊಟ ಸಿಗುತ್ತೋ ಇಲ್ವೋ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ. ಬಿಡು.

ಈಗ ಊಟದ ಬೆಲ್ಲಿನವರೆಗೆ ಕೂರುತ್ತಾಳೆ. ಮೊನ್ನೆ ಮತ್ತೆ ವಾಂತಿ ಆಯ್ತು, ಆದರೂ ಬಾಯಿ ತೊಳೆದುಕೊಂಡು ಹೊರಟಳು. ತೊಂದರೆ ನನ್ನದೇ. ಟಾಟಾ ಮಾಡಿ, ಎದುರಿನ ಹೊಂಗೆ ಮರದ ಹಿಂದೆ ನಿಂತಿರುತ್ತೇನೆ. "ಮಗು ಆಗ್ಲೇ ಒಳಗೆ ಹೋಯ್ತು, ನೀವು ಹೋಗಿ ಸಾರ್" ಅಂತ ವಾಚ್‌ಮನ್ ಒಂದು ವಾರ ಹೇಳಿ ನೋಡಿದ. ನಿನ್ನೆ ಒಂದು ಕುರ್ಚಿ ತಂದು ಹಾಕಿದ.

ಭಾನುವಾರ ಚಿಕ್ಕಮ್ಮ ಬರುತ್ತಿದ್ದಾರೆ. ಅವರು ಇದನ್ನೆಲ್ಲ ಓದುವವರಲ್ಲ, ಅದೇ ನನ್ನ ಧೈರ್ಯ. ನೀನೂ ಬಾ. ಮಗುವಿನ ಕಣ್ಣು ಅರಿಶಿನದ ಹಾಗಿತ್ತು ಅಂತ ಹೇಳಬೇಕಾಗುತ್ತದೆ. ಬೋಂಡ ಮಾತ್ರ ಕೇಳಬೇಡ, ಮನೇಲಿ ಇನ್ನೂ ಪಥ್ಯ.

ನಿನ್ನ,
ಮೂರನೇ ಇಡ್ಲಿ